ಎಷ್ಟು ಹೊತ್ತಾಯ್ತು ಎಂದು ಕೇಳುತ್ತಿದ್ದವರು

ನಮ್ಮ ಮೇಡಂ ತೀರಿಕೊಂಡ ಸುದ್ದಿ ನನಗೆ ತಡವಾಗಿ ಗೊತ್ತಾಯಿತು. ಸೊರಬದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿಯಿದೆ. ಸುಟ್ಟ ಮೋಟರು ತಂದಿದ್ದ ರೈತರೊಬ್ಬರು ಅದನ್ನು ನೆಲಕ್ಕಿಳಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, "ನಿಮ್ಮ ಮೇಡಂ ಹೋಗಿಬಿಟ್ರಂತಲ್ರಿ" ಎಂದರು. ಯಾವಾಗ ಎಂದು ಕೇಳಿದೆ. "ಮೊನ್ನೆನೋ, ಆಚೆ ಮೊನ್ನೆನೋ" ಎಂದರು. ಮೇಡಂ ಎದುರಿಗಿದ್ದಿದ್ದರೆ ಈ ಉತ್ತರವನ್ನು ಒಪ್ಪುತ್ತಿರಲಿಲ್ಲ. ಮೊನ್ನೆಯೋ ಆಚೆ ಮೊನ್ನೆಯೋ, ಎರಡರಲ್ಲಿ ಒಂದು ಹೇಳಿ ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಪೊಲೀಸರ ಕಾಗದದಲ್ಲಿ, ಕೋರ್ಟಿನ ಕಾಗದದಲ್ಲಿ ಆ ಹೆಸರು ಬೇಕಾದಷ್ಟು ಸಲ ಬಂದಿದೆ. ಇಲ್ಲಾದರೂ ಅವರು ಮೇಡಂ ಆಗಿಯೇ ಇರಲಿ.

ನಾನು ಅವರನ್ನು ಕಂಡದ್ದು ಶಿಕಾರಿಪುರದಲ್ಲಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಮಾಡುವ ಒಂದು ಸಣ್ಣ ಶೆಡ್ಡಿನಲ್ಲಿ. ಮಾಲೀಕರು, ಮೇಡಂ, ನಾನು ಮತ್ತು ಬೆಸುಗೆ ಹಾಕುವ ಇಬ್ಬರು ಹೆಂಗಸರು, ಇಷ್ಟೇ ಜನ. ನಮ್ಮ ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತಿತ್ತು. ರೈತ ಮನೆಯಿಂದಲೇ ಆ ನಂಬರಿಗೆ ಕರೆ ಮಾಡಿದರೆ ಗದ್ದೆಯಲ್ಲಿ ಮೋಟರು ಚಾಲೂ ಆಗುತ್ತಿತ್ತು. ಪೆಟ್ಟಿಗೆಯ ಸ್ವಿಚ್ಚನ್ನು 'ಆಟೋ'ದಲ್ಲಿಟ್ಟರೆ ಕರೆಂಟು ಬಂದ ಕೂಡಲೇ ತಾನಾಗಿಯೇ ಹೊರಡುತ್ತಿತ್ತು. ಪೆಟ್ಟಿಗೆ ಏನು ಮಾಡಬೇಕು ಎಂಬ ಪ್ರೋಗ್ರಾಮು ಬರೆಯುವವರು ಮೇಡಂ. ಅದನ್ನು ಹೊತ್ತುಕೊಂಡು ಹೋಗಿ ಗದ್ದೆಯ ಕಂಬಕ್ಕೆ ಕೂರಿಸುವವನು ನಾನು.

ಅದಕ್ಕೆ ಮುಂಚೆ ಅವರು ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರಂತೆ. ಆ ಅಭ್ಯಾಸ ಹೋಗಿರಲಿಲ್ಲ. ನಾನು "ವೋಲ್ಟೇಜು ಇನ್ನೂರಾ ಇಪ್ಪತ್ತರ ಹತ್ರ ಇದೆ" ಎಂದರೆ, "ಹತ್ರ ಅಂದ್ರೆ ಆಚೆಗೋ ಈಚೆಗೋ?" ಎಂದು ಕೇಳುವರು. ಈಗ ಬರ್ತೀನಿ ಎಂದು ಹೊರಟವರನ್ನು ಬಾಗಿಲಲ್ಲೇ ನಿಲ್ಲಿಸಿ "ಎಷ್ಟು ನಿಮಿಷ?" ಎನ್ನುವರು. ಕಿರಿಕಿರಿ ಮಾಡಬೇಕೆಂದು ಕೇಳುತ್ತಿದ್ದುದಲ್ಲ. ಉತ್ತರ ಸಿಕ್ಕರೆ ಅವರಿಗೆ ನಿಜಕ್ಕೂ ಸಮಾಧಾನವಾಗುತ್ತಿತ್ತು. ನಲವತ್ತೈದರ ಆಸುಪಾಸು, ತೆಳ್ಳಗಿನ ಮೈ. ಕನ್ನಡಕದ ಒಂದು ಕಾಲು ಮುರಿದು ಅದಕ್ಕೆ ನಮ್ಮ ಕಪ್ಪು ಟೇಪನ್ನೇ ಸುತ್ತಿಕೊಂಡಿದ್ದರು. ಮಧ್ಯಾಹ್ನ ರೊಟ್ಟಿಯ ಡಬ್ಬಿ ತೆರೆದರೆ ಪರದೆಯನ್ನೇ ನೋಡುತ್ತ ತಿನ್ನುವರು, ಪಲ್ಯ ಹಾಗೇ ಉಳಿದಿರುತ್ತಿತ್ತು. ಮದುವೆ ಆಗಿರಲಿಲ್ಲ. ಅಕ್ಕನ ಮನೆಯಲ್ಲಿ ಇದ್ದರು.

ಪೆಟ್ಟಿಗೆಗೆ ತಡೆ ಗುಂಡಿ ಬಂದದ್ದು ಮೇಡಂ ಹಟ ಹಿಡಿದದ್ದರಿಂದ. ಒಮ್ಮೆ ನನ್ನ ಜೊತೆ ಗದ್ದೆಗೆ ಬಂದಿದ್ದಾಗ, ರೈತನೊಬ್ಬ ಕರೆಂಟು ಇರುವಾಗಲೇ ಕೇಬಲ್ಲಿನ ಜಾಯಿಂಟಿಗೆ ಕೈ ಹಾಕಿದ್ದನ್ನು ನೋಡಿ ಅವರು ಹೌಹಾರಿದ್ದರು. "ಫ್ಯೂಸ್ ಕೀಳಲ್ವಾ?" ಎಂದು ಕೇಳಿದರೆ ಆತ, "ಆ ಫ್ಯೂಸು ಸುಟ್ಟು ಅಂಟಿಕೊಂಡು ಎಷ್ಟು ವರ್ಷ ಆತೋ, ಯಾರು ಕೀಳ್ತಾರ್ರಿ" ಎಂದು ನಕ್ಕಿದ್ದ. ಅಂಥವರಿಗಾಗಿ ಒಂದು ಗುಂಡಿ ಬೇಕು ಎಂದು ಮೇಡಂ ನಿರ್ಧರಿಸಿದರು. ಗುಂಡಿ ಒತ್ತಿದರೆ ಫೋನು ಬರಲಿ, ಕರೆಂಟು ಹೋಗಿ ಬರಲಿ, ಮೋಟರು ಏಳಬಾರದು. ಆದರೆ ಒತ್ತಿ ಮರೆತು ಹೋದರೆ ಗದ್ದೆ ಒಣಗುತ್ತದೆ ಎಂದು ಮಾಲೀಕರು ಹೇಳಿದ್ದರಿಂದ, ಒಂದು ಗಂಟೆಯಾದ ಮೇಲೆ ತಡೆ ತಾನಾಗಿ ಬಿಡುವಂತೆ ಮಾಡಿದರು. ಗುಂಡಿಯ ಪಕ್ಕದ ಸ್ಟಿಕ್ಕರಿನ ಮಾತು ಮಾಲೀಕರದು. 'ತಡೆ ಒತ್ತಿರಿ, ಒಂದು ಗಂಟೆ ನಿಶ್ಚಿಂತೆಯಿಂದ ಕೆಲಸ ಮಾಡಿರಿ.' ಆ ಸ್ಟಿಕ್ಕರನ್ನು ನೂರಾ ಹನ್ನೆರಡು ಪೆಟ್ಟಿಗೆಗೆ ನನ್ನ ಕೈಯಿಂದಲೇ ಹಚ್ಚಿದ್ದೇನೆ.

ಆನವಟ್ಟಿ ಕಡೆಯಿಂದ ಒಂದು ದೂರು ಬಂದಿತ್ತು. ತಡೆ ಒತ್ತಿ ಊಟಕ್ಕೆ ಕೂತಿದ್ದೆ, ಕಾಲು ಗಂಟೆಗೇ ಮೋಟರು ಹೊರಟಿತು ಎಂದು ಒಬ್ಬರು ಫೋನು ಮಾಡಿದ್ದರು. ನಾನು ಮೇಡಂಗೆ ಹೇಳಿದೆ. ಅವರು ಅದೇ ಮಾದರಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎರಡು ದಿನ ಪರೀಕ್ಷೆ ಮಾಡಿದರು. ಪ್ರತಿ ಸಲವೂ ತಡೆ ಸರಿಯಾಗಿ ಒಂದು ಗಂಟೆ ನಿಂತಿತು. "ಅವರು ಎರಡು ಸಲ ಒತ್ತಿರಬೇಕು" ಎಂದರು. ಅಂದಾಜಿನ ಮಾತು ಆಡದ ಅವರು ಆಡಿದ ಅಂಥ ಮಾತು ನನಗೆ ನೆನಪಿರುವುದು ಅದೊಂದೇ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಕುಪ್ಪಗಡ್ಡೆಯಲ್ಲಿ ಮಂಜಪ್ಪ ಎಂಬ ರೈತ ತೀರಿಕೊಂಡ. ಕೊಳವೆಬಾವಿಯ ಕೇಬಲ್ಲು ಒಂದು ಕಡೆ ಸುಟ್ಟಿತ್ತು. ಅವನು ತಡೆ ಗುಂಡಿ ಒತ್ತಿ, ವೈರುಗಳನ್ನು ಸೇರಿಸಿ ಹೊಸೆದು, ಟೇಪು ಸುತ್ತಲು ಕೂತಿದ್ದಾನೆ. ಪಕ್ಕದ ಗದ್ದೆಯವರು ಪೈಪಿನಲ್ಲಿ ನೀರು ಬಿದ್ದದ್ದನ್ನು ನೋಡಿದರು. ಸ್ವಲ್ಪ ಹೊತ್ತಿಗೆ, ಬೇಲಿಗೆ ನೇತುಹಾಕಿದ್ದ ಅವನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳುವುದು ಕೇಳಿಸಿತು. ಎಷ್ಟು ಹೊಡೆದರೂ ಎತ್ತದಿದ್ದಾಗ ಬಂದು ನೋಡಿದರು. ಟೇಪಿನ ಸುರುಳಿ ಕೈಯಲ್ಲೇ ಇತ್ತು.

ಪೊಲೀಸರು ಬಂದರು, ಕರೆಂಟಿನವರು ಬಂದರು. ಫ್ಯೂಸ್ ತೆಗೆಯದೆ ವೈರು ಮುಟ್ಟಿದ್ದು ಅವನ ತಪ್ಪು ಎಂದು ಬರೆದುಕೊಂಡು ಹೋದರು. ಪೆಟ್ಟಿಗೆಯ ವಿಷಯ ಯಾರೂ ಕೇಳಲಿಲ್ಲ. ಊರಿನವರು ಮಾತ್ರ ಬೇರೆ ಕಾರಣ ಹುಡುಕಿದರು. ಬೇಲಿಯ ಮೇಲೆ ಹೊಡೆದುಕೊಂಡ ಫೋನು ಅವನ ಹೆಂಡತಿ ಗಿರಿಜಮ್ಮನದು. ಊಟಕ್ಕೆ ಬರುತ್ತೀರೋ, ಬುತ್ತಿ ತರಲೋ ಎಂದು ಕೇಳಲು ಮಾಡಿದ್ದಳು. ಅವಳ ಗುಂಡಿ ಫೋನಿನಲ್ಲಿ ಗಂಡನ ನಂಬರು 'ಮನೆಯವರು' ಎಂದಿತ್ತು, ಅದರ ಕೆಳಗೇ 'ಮೋಟರ್'. ಮೊದಲು ತಪ್ಪಿ ಮೋಟರಿಗೆ ಒತ್ತಿದ್ದಾಳೆ, ಆಮೇಲೆ ಗಂಡನಿಗೆ ಮಾಡಿದ್ದಾಳೆ ಎಂದು ಮಂಜಪ್ಪನ ಅಣ್ಣ ಹೇಳಿದ. ಆ ದಿನ ಬಂದ, ಹೋದ ನೂರು ಕರೆಗಳಿಂದಾಗಿ ಅವಳ ಫೋನಿನಲ್ಲಿದ್ದ ಹಿಂದಿನ ಪಟ್ಟಿ ಅಳಿಸಿಹೋಗಿತ್ತು. ಹಾಗಾಗಿ ಅಲ್ಲವೆಂದು ತೋರಿಸಲು ಏನೂ ಇರಲಿಲ್ಲ. ತಿಥಿ ಮುಗಿದ ಮರುದಿನ ಅವಳನ್ನು ತೊಗರ್ಸಿಯ ತವರಿಗೆ ಕಳಿಸಿದರು.

ಇದೆಲ್ಲ ನನಗೆ ಗೊತ್ತಾದದ್ದು ಪೆಟ್ಟಿಗೆ ಬಿಚ್ಚಿಕೊಂಡು ಬರಲು ಹೋದಾಗ. ಮಂಜಪ್ಪನ ಅಣ್ಣ ಫೋನು ಮಾಡಿ, "ಅದನ್ನ ಕಣ್ಣಿಂದ ಆಚೆ ಮಾಡ್ರಿ" ಎಂದಿದ್ದ. ತಂದು ಮೇಡಂ ಮೇಜಿನ ಮೇಲಿಟ್ಟು, ಊರಿನವರ ಮಾತನ್ನೂ ಹೇಳಿದೆ. ಪೆಟ್ಟಿಗೆ ತಾನು ಮಾಡಿದ ಪ್ರತಿ ಕೆಲಸವನ್ನೂ ಗಂಟೆ ಸಮೇತ ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು. ಅದನ್ನು ಪರದೆಯ ಮೇಲೆ ತೆಗೆದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು ಬೆರಳಿಟ್ಟು ತೋರಿಸಿದರು. ಒಂದು ಸಾಲಿನಲ್ಲಿ ತಡೆ ಶುರು ಎಂದಿತ್ತು. ಅದರ ಮುಂದಿನ ತಾರೀಖು ಎರಡು ಸಾವಿರದ ಇಸವಿ ಜನವರಿ ಒಂದು. ಕೆಳಗಿನ ಸಾಲಿನಲ್ಲಿ ಅವನು ಸತ್ತ ದಿನದ ತಾರೀಖು, ಹನ್ನೊಂದು ಗಂಟೆ ಇಪ್ಪತ್ನಾಲ್ಕು ನಿಮಿಷ, ತಡೆ ಮುಗಿಯಿತು, ಮೋಟರ್ ಚಾಲೂ. ಎರಡು ಸಾಲಿನ ನಡುವೆ ಯಾವ ಕರೆಯೂ ಬಂದಿರಲಿಲ್ಲ.

"ಆಂಟೆನಾ ಬಿಚ್ಚಿ" ಎಂದರು. ಬಿಚ್ಚಿದೆ. ಬ್ಯಾಟರಿ ತೆಗೆದು ಹಾಕಿ, ಪೆಟ್ಟಿಗೆಯನ್ನು ಹೊಸದಾಗಿ ಶುರು ಮಾಡಿ, ಆಟೋದಲ್ಲಿಟ್ಟು ತಡೆ ಒತ್ತಿದರು. ಮೋಟರಿನ ಬದಲು ಒಂದು ಬಲ್ಬು ಸಿಕ್ಕಿಸಿದ್ದರು. ಹತ್ತು ನಿಮಿಷ ಕೂತೆವು. ಬಲ್ಬು ಹತ್ತಲಿಲ್ಲ. "ಈಗ ಆಂಟೆನಾ ಹಾಕಿ." ಹಾಕಿದೆ. ಒಂದು ನಿಮಿಷವೂ ಆಗಿರಲಿಲ್ಲ, ಒಳಗೆ ಟಕ್ಕೆಂದಿತು, ಬಲ್ಬು ಹತ್ತಿತು. ಮತ್ತೊಮ್ಮೆ ಮಾಡಿಸಿದರು. ಮೂರನೇ ಸಲವೂ ಮಾಡಿಸಿದರು. ಮೂರನೇ ಸಲ ಬಲ್ಬು ಹತ್ತಿದಾಗ ಅವರು ಅದನ್ನು ನೋಡುತ್ತಿರಲಿಲ್ಲ.

ನನಗೆ ಅರ್ಥವಾಗಲಿಲ್ಲ ಎಂದೆ. ಕಾಲೇಜಿನಲ್ಲಿ ಹೇಳಿದಂತೆ ನಿಧಾನವಾಗಿ ಹೇಳಿದರು.

"ಇದರೊಳಗೆ ಎರಡು ಗಡಿಯಾರ ಇದಾವೆ. ಒಂದು ತಾರೀಖು ಎಷ್ಟು, ಗಂಟೆ ಎಷ್ಟು ಅಂತ ಹೇಳುತ್ತೆ. ಬಹಳ ಹೊತ್ತು ಕರೆಂಟು ಹೋಗಿ, ಬ್ಯಾಟರಿ ಪೂರ್ತಿ ಖಾಲಿಯಾಗಿ ಪೆಟ್ಟಿಗೆ ಹೊಸದಾಗಿ ಶುರುವಾದ್ರೆ ಅದಕ್ಕೆ ಏನೂ ಗೊತ್ತಿರಲ್ಲ, ಎರಡು ಸಾವಿರದ ಇಸವಿ ಅನ್ಕೊಂಡು ಹೊರಡುತ್ತೆ. ಟವರ್ ಸಿಕ್ಕಿದ ಮೇಲೆ ಟವರು ಅದನ್ನ ತಿದ್ದುತ್ತೆ. ಇನ್ನೊಂದು ಗಡಿಯಾರಕ್ಕೆ ತಾರೀಖು ಗೊತ್ತಿಲ್ಲ. ಅದು ಶುರುವಾದಾಗಿಂದ ಬರೀ ಸೆಕೆಂಡು ಎಣಿಸ್ತಾ ಹೋಗುತ್ತೆ. ಅದನ್ನ ಯಾರೂ ತಿದ್ದೋಕಾಗಲ್ಲ. ಹಿಂದಕ್ಕೆ ಹೋಗಲ್ಲ, ಮುಂದಕ್ಕೆ ಹಾರಲ್ಲ."

"ಸರಿ."

"ಗಂಟೆ ಎಷ್ಟು ಅಂತ ಕೇಳೋದಾದ್ರೆ ಮೊದಲನೇದನ್ನ ಕೇಳಬೇಕು. ಎಷ್ಟು ಹೊತ್ತಾಯ್ತು ಅಂತ ಕೇಳೋದಾದ್ರೆ ಎರಡನೇದನ್ನ. ನಾನು ಎರಡಕ್ಕೂ ಮೊದಲನೇದನ್ನೇ ಕೇಳಿದೆ. ಅವತ್ತು ಅವನು ಗುಂಡಿ ಒತ್ತಿದಾಗ ಪೆಟ್ಟಿಗೆ ಎರಡು ಸಾವಿರದ ಇಸವೀಲಿತ್ತು. ಟವರು ಬಂದು ಅವತ್ತಿನ ತಾರೀಖು ಕೊಡ್ತು. ಒಂದು ಗಂಟೆ ಆಯ್ತಾ ಅಂತ ಪೆಟ್ಟಿಗೆ ಲೆಕ್ಕ ಹಾಕ್ತು. ಇಪ್ಪತ್ತು ವರ್ಷದ ಮೇಲಾಗಿತ್ತು. ಬಿಟ್ಟುಬಿಡ್ತು."

"ಆನವಟ್ಟಿಯವರದ್ದೂ ಇದೇನಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಇದೇ. ನಾನು ಪರೀಕ್ಷೆ ಮಾಡಿದ್ದು ಈ ಮೇಜಿನ ಮೇಲೆ. ಇಲ್ಲಿ ಟವರು ಯಾವತ್ತೂ ಇರುತ್ತೆ."

ಮಾಲೀಕರಿಗೆ ಅವತ್ತೇ ಹೇಳಿದರು. ಮಾಲೀಕರು ಕೆಟ್ಟವರೇನಲ್ಲ. ಅವರು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ ಮಾತಾಡಿದರು. "ಯಾರೂ ನಮ್ಮನ್ನ ಕೇಳಿಲ್ಲ ಮೇಡಂ. ಇನ್ಮೇಲೆ ಮಾಡೋ ಪೆಟ್ಟಿಗೆಗೆ ಸರಿ ಮಾಡಿಬಿಡ್ರಿ. ಆ ಮನುಷ್ಯ ಫ್ಯೂಸ್ ಕಿತ್ತಿದ್ರೆ ಸಾಯ್ತಿದ್ನೇನು?"

"ನಿಶ್ಚಿಂತೆಯಿಂದ ಮಾಡಿ ಅಂತ ಬರೆದು ಹಚ್ಚಿದ್ದು ನಾವು."

"ಊರವರು ಹೆಂಡತೀದು ತಪ್ಪು ಅಂತಿದಾರೆ. ಅದು ಅವರ ಮನೆ ವಿಷಯ. ನಾವ್ಯಾಕೆ ಬಾಯಿ ಹಾಕೋದು?"

ಮೇಡಂ ಮರುದಿನವೇ ತೊಗರ್ಸಿಗೆ ಹೊರಟರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹೊರಡಲಿಲ್ಲ. ಒಂಬತ್ತು ದಿನ ಎಂದಿನಂತೆ ಕೆಲಸಕ್ಕೆ ಬಂದು ಪರದೆಯ ಮುಂದೆ ಕೂತರು. ಡಬ್ಬಿ ತೆರೆಯುತ್ತಿರಲಿಲ್ಲ. ನಾನೂ ಸುಮ್ಮನಿದ್ದೆ, ಇವರು ಏನೂ ಮಾಡದಿದ್ದರೆ ನಾನೂ ಏನೂ ಮಾಡಬೇಕಾಗಿಲ್ಲ ಎಂಬ ಆಸೆ ನನಗಿತ್ತು. ಬಹಳ ಕಾಲದ ಮೇಲೆ ಅವರೇ ಹೇಳಿದರು, "ಪ್ರೋಗ್ರಾಮು ತಿದ್ದೋಕೆ ಒಂದು ಸಂಜೆ ಸಾಕಾಯ್ತು. ಉಳಿದ ದಿನವೆಲ್ಲ ಹೆದರಿಕೊಂಡು ಕೂತಿದ್ದೆ."

ಹತ್ತನೇ ದಿನ ಬೆಳಿಗ್ಗೆ ನನ್ನ ಬೈಕು ಹತ್ತಿದರು.

ತೊಗರ್ಸಿಯ ಆ ಮನೆಯಲ್ಲಿ ಗಿರಿಜಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೂವತ್ತು ದಾಟಿರಬಹುದು. ನಾವು ಯಾರೆಂದು ಹೇಳಿದಾಗ, ಇವರೂ ಬೈಯಲು ಬಂದವರು ಎಂದುಕೊಂಡಳೋ ಏನೋ, ತಾನಾಗಿಯೇ ಶುರು ಮಾಡಿದಳು. "ನಾನೇ ಒತ್ತಿದ್ನೇನೋ ರೀ. ಒತ್ತಿಲ್ಲ ಅಂತ ಮೊದ್ಲು ಅನ್ಸಿತ್ತು. ಎಲ್ರೂ ಹೇಳಿ ಹೇಳಿ ಈಗ ಒತ್ತಿದ್ದೇ ಕಣ್ಣಿಗೆ ಬರ್ತತಿ."

ಮೇಡಂ ಅವಳ ಎದುರು ನೆಲದ ಮೇಲೆ ಕೂತರು. "ನೀವು ಒತ್ತಿಲ್ಲ. ಪೆಟ್ಟಿಗೆ ತಾನಾಗಿ ಬಿಟ್ಟಿದೆ. ಹಾಗೆ ಬಿಡೋ ಥರ ಅದನ್ನ ಬರೆದವಳು ನಾನು. ತಪ್ಪು ನನ್ನದು."

ಗಿರಿಜಮ್ಮ ಅಳಲಿಲ್ಲ. ಬೈಯಲೂ ಇಲ್ಲ. "ಖರೇನಾ?" ಎಂದಳು. ಖರೆ ಎಂದರು ಮೇಡಂ. "ಹಂಗಾರೆ ಕುಪ್ಪಗಡ್ಡೆಗೆ ಬಂದು ಹೇಳ್ರಿ. ಇಲ್ಲಿ ನನ್ನೊಬ್ಬಳಿಗೆ ಹೇಳಿದ್ರೆ ಏನಾತು?"

ಹೊರಡುವ ಮುಂಚೆ ಮೇಡಂ ಮಂಜಪ್ಪನ ಫೋನು ಇದೆಯೇ ಎಂದು ಕೇಳಿದರು. ಅವಳು ಅದನ್ನು ಚಾರ್ಜು ಮಾಡಿಯೇ ಇಟ್ಟಿದ್ದಳು. ಅದರಲ್ಲಿ ಏನನ್ನೋ ನೋಡಿ, ಚೀಟಿಯಲ್ಲಿ ಗುರುತು ಮಾಡಿಕೊಂಡು, ಹಿಂದಕ್ಕೆ ಕೊಟ್ಟರು.

ಕುಪ್ಪಗಡ್ಡೆಯಲ್ಲಿ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ಮೇಡಂ ಪೆಟ್ಟಿಗೆ ಇಟ್ಟು, ಬಲ್ಬು ಸಿಕ್ಕಿಸಿ, ನಮ್ಮ ಶೆಡ್ಡಿನಲ್ಲಿ ಮಾಡಿದ್ದನ್ನೇ ಮಾಡಿ ತೋರಿಸಿದರು. ಬಲ್ಬು ಹತ್ತಿದಾಗ ಮಂಜಪ್ಪನ ಅಣ್ಣ, "ಹಂಗಾರೆ ನೀವೇ ಕೊಂದ ಹಂಗಾತು" ಎಂದ.

"ಹೌದು" ಎಂದರು ಮೇಡಂ.

ಅವನು ಮರುದಿನ ದೂರು ಕೊಟ್ಟ. ಪೊಲೀಸರು ಕರೆದಾಗ ಮೇಡಂ ಜಗಲಿಯ ಮೇಲೆ ಹೇಳಿದ್ದನ್ನೇ ಬರೆಸಿದರು, ಆನವಟ್ಟಿಯ ದೂರನ್ನೂ ಬರೆಸಿದರು. ಅದನ್ನು ಅವರು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರೋಗ್ರಾಮಿನ ವಿಷಯ ತನಗೆ ಏನೂ ತಿಳಿಯದು, ಎಲ್ಲ ಅವರದೇ ಎಂದು ಮಾಲೀಕರು ಹೇಳಿಕೆ ಕೊಟ್ಟರು. ಕೇಸು ಮೇಡಂ ಒಬ್ಬರ ಮೇಲೆ ನಿಂತಿತು. ಕೆಲಸವೂ ಹೋಯಿತು. ವಾರದೊಳಗೆ ನಾನೂ ಬಿಟ್ಟೆ, ಆದರೆ ಅದು ಧೈರ್ಯದಿಂದ ಬಿಟ್ಟದ್ದಲ್ಲ. ಮಾಲೀಕರು ಹೊಸ ಸ್ಟಿಕ್ಕರಿನ ಕಟ್ಟು ತಂದು ಕೈಗೆ ಕೊಟ್ಟಾಗ ಅದನ್ನು ಬಿಚ್ಚಲು ನನ್ನಿಂದ ಆಗಲಿಲ್ಲ.

ಆಮೇಲೆ ಒಂದೂವರೆ ವರ್ಷ ನಾವಿಬ್ಬರೂ ಆ ನೂರಾ ಹನ್ನೆರಡು ಪೆಟ್ಟಿಗೆಗಳನ್ನು ಹುಡುಕಿಕೊಂಡು ತಿರುಗಿದೆವು. ಯಾರೂ ಕಳಿಸಿದ್ದಲ್ಲ. ನನ್ನ ಹಳೆಯ ವಿಳಾಸದ ಪುಸ್ತಕ, ಮೇಡಂ ಲ್ಯಾಪ್‌ಟಾಪು, ನನ್ನ ಬೈಕು. ಗದ್ದೆಗೆ ಹೋಗಿ ಪೆಟ್ಟಿಗೆ ತೆರೆದು, ತಿದ್ದಿದ ಪ್ರೋಗ್ರಾಮು ತುಂಬಿ, ಹಳೆ ಸ್ಟಿಕ್ಕರನ್ನು ಬ್ಲೇಡಿನಿಂದ ಕೆರೆದು ತೆಗೆಯುವುದು. ಅದರ ಜಾಗದಲ್ಲಿ ಮೇಡಂ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಅಂಟಿಸುವುದು. 'ಈ ಗುಂಡಿಯನ್ನು ನಂಬಿ ವೈರು ಮುಟ್ಟಬೇಡಿ. ಫ್ಯೂಸ್ ಕೀಳಿ.' ಆಮೇಲೆ ಆಂಟೆನಾ ಬಿಚ್ಚಿ, ಬ್ಯಾಟರಿ ತೆಗೆದು ಹಾಕಿ, ತಡೆ ಒತ್ತಿ, ಆಂಟೆನಾ ಮತ್ತೆ ಸಿಕ್ಕಿಸಿ, ಪೂರ್ತಿ ಒಂದು ಗಂಟೆ ಅಲ್ಲೇ ಕೂರುವುದು. ಹತ್ತು ಪೆಟ್ಟಿಗೆ ಸರಿಯಾಗಿದ್ದು ನೋಡಿ ನಾನು, "ಇನ್ನು ಕಾಲು ಗಂಟೆ ನೋಡಿದ್ರೆ ಸಾಲದಾ ಮೇಡಂ?" ಎಂದೆ. "ಒಂದು ಗಂಟೆ ಅಂತ ಮಾತು ಕೊಟ್ಟಿದ್ದು" ಎಂದರು. ಬಿಸಿಲಲ್ಲಿ ಬದುವಿನ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದರು. ನಡುನಡುವೆ "ಎಷ್ಟು ಹೊತ್ತಾಯ್ತು?" ಎಂದು ಕೇಳುವರು. ನಾನು ಫೋನು ನೋಡಿ ಹೇಳಬೇಕು. ಅವರ ಕೈಯಲ್ಲೂ ಫೋನಿರುತ್ತಿತ್ತು, ಆದರೂ ನನ್ನನ್ನೇ ಕೇಳುತ್ತಿದ್ದರು.

ಎಲ್ಲರೂ ನಮ್ಮನ್ನು ಬರಮಾಡಿಕೊಳ್ಳಲಿಲ್ಲ. "ಚಲೋ ಓಡ್ತೈತಿ, ಕೆಡಿಸ್ಬೇಡ್ರಿ" ಎಂದವರೇ ಹೆಚ್ಚು. ಆನವಟ್ಟಿಯ ಹತ್ತಿರ ಒಬ್ಬ ಹಿರಿಯರು ಇವರ ಕಥೆ ಕೇಳಿಸಿಕೊಂಡಿದ್ದರು. "ಒಬ್ಬನ್ನ ತಿಂದು ಸಾಕಾಗಲಿಲ್ವಾ, ನಮ್ಮನೆಗೂ ಬಂದ್ಯಾ ತಾಯಿ" ಎಂದರು. ಮೇಡಂ ತಲೆ ಬಗ್ಗಿಸಿ, "ಅದಕ್ಕೇ ಬಂದೆ" ಎಂದರು. ಆ ಮನೆಗೆ ಮೂರು ಸಲ ಹೋದೆವು. ಮೂರನೇ ಸಲ ಒಳಗೆ ಬಿಟ್ಟರು.

ಮಂಜಪ್ಪನದು ಸೇರಿ ನೂರಾ ಎಂಟು ಸಿಕ್ಕಿದವು. ನಾಲ್ಕು ಸಿಗಲಿಲ್ಲ, ಯಾರೋ ಯಾರಿಗೋ ಮಾರಿದ್ದರು.

ಸೊರಬದ ಕೋರ್ಟಿನಲ್ಲಿ ಕೇಸು ನಡೆದೇ ನಡೆಯಿತು. ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು. ಒಂದನ್ನೂ ಅವರು ತಪ್ಪಿಸಲಿಲ್ಲ. ವಕೀಲರು, ತಪ್ಪು ಒಪ್ಪಿಕೊಳ್ಳಬೇಡಿ, ಸುಮ್ಮನಿರಿ ಎಂದು ಹೇಳಿ ಸೋತರು. ಅಷ್ಟರಲ್ಲಿ ಹೊಟ್ಟೆಯೊಳಗೆ ಗಡ್ಡೆ ಎಂದು ಗೊತ್ತಾಯಿತು. ಕೊನೆಯ ಸಲ ನಾನು ನೋಡಲು ಹೋದಾಗ ಅವರ ಅಕ್ಕ ಗಂಜಿ ಕುಡಿಸುತ್ತಿದ್ದರು. ಮೇಡಂ ಚಮಚವನ್ನು ಪಕ್ಕಕ್ಕೆ ಸರಿಸಿ, "ಆ ನಾಲ್ಕು?" ಎಂದರು. ಇಲ್ಲ ಮೇಡಂ ಎಂದೆ. ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಅವರು ಹೋದ ಮೇಲಿನ ತಾರೀಖಿಗೆ ಅಕ್ಕನ ಪರವಾಗಿ ಮರಣ ಪ್ರಮಾಣಪತ್ರ ತೆಗೆದುಕೊಂಡು ನಾನೇ ಕೋರ್ಟಿಗೆ ಹೋದೆ. ಎರಡು ನಿಮಿಷದಲ್ಲಿ ಮುಗಿಯಿತು. ಆರೋಪಿ ಇಲ್ಲದ ಮೇಲೆ ಕೇಸೂ ಇಲ್ಲ. ತಪ್ಪು ಯಾರದು ಎಂದು ಯಾರೂ ಬರೆಯಲಿಲ್ಲ.

ಹೊರಗೆ ಗಿರಿಜಮ್ಮ ನಿಂತಿದ್ದಳು. ಸಾಕ್ಷಿಯೆಂದು ಅವಳೂ ಇಷ್ಟು ವರ್ಷ ತೊಗರ್ಸಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕುಪ್ಪಗಡ್ಡೆಯವರು ಅವಳನ್ನು ವಾಪಸು ಕರೆದಿರಲಿಲ್ಲ, ಅವಳೂ ಹೋಗಿರಲಿಲ್ಲ. ಇಬ್ಬರೂ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯಲು ಕೂತೆವು. ಅವಳು ಲೋಟವನ್ನು ಮುಟ್ಟಲಿಲ್ಲ.

"ಮೇಡಂ ಹತ್ರ ಒಂದು ಕೇಳಬೇಕಿತ್ತು. ಬಾಯಿ ಬರಲಿಲ್ಲ. ನಿಮಗೆ ಗೊತ್ತೈತೇನು?"

"ಏನು?"

"ನಾನು ಫೋನು ಮಾಡಿದಾಗ ನಮ್ಮನೆಯವ್ರು ಇನ್ನೂ ಇದ್ರಾ?"

ನನಗೆ ಗೊತ್ತಿತ್ತು. ತೊಗರ್ಸಿಯಿಂದ ಬರುವ ದಾರಿಯಲ್ಲಿ ಮೇಡಂ ಬೈಕು ನಿಲ್ಲಿಸಲು ಹೇಳಿ ಆ ಚೀಟಿ ತೋರಿಸಿದ್ದರು. ಪೆಟ್ಟಿಗೆ ಬಿಟ್ಟದ್ದು ಹನ್ನೊಂದು ಇಪ್ಪತ್ನಾಲ್ಕು. ಮಂಜಪ್ಪನ ಫೋನಿನಲ್ಲಿ ಹೆಂಡತಿಯ ಮಿಸ್ಡ್ ಕಾಲು ಹನ್ನೊಂದು ಇಪ್ಪತ್ತೇಳು. ಎರಡಕ್ಕೂ ಗಂಟೆ ಕೊಟ್ಟದ್ದು ಒಂದೇ ಟವರು, ಇಂಥ ಲೆಕ್ಕಕ್ಕೆ ಆ ಗಡಿಯಾರವೇ ಸರಿ ಎಂದಿದ್ದರು. ಅವಳಾಗಿ ಕೇಳಿದರೆ ಮಾತ್ರ ಹೇಳಿ ಎಂದೂ ಹೇಳಿದ್ದರು.

"ಇರಲಿಲ್ಲಮ್ಮ" ಎಂದೆ. "ಮೂರು ನಿಮಿಷ ಆಗಿತ್ತು."

ಅವಳು ತಲೆ ತಗ್ಗಿಸಿದಳು. ಬಸ್ಸಿನವನು ತೊಗರ್ಸಿ, ತೊಗರ್ಸಿ ಎಂದು ಕೂಗುತ್ತಿದ್ದ. ಅವಳು ಏಳಲಿಲ್ಲ.

"ಅಷ್ಟು ಹೊತ್ತು ಹೊಡ್ಕಂಡ್ರೂ ಎತ್ತವಲ್ಲ, ಯಾರ ಜೋಡಿ ಹರಟಿ ಹೊಡಿತಾ ಕುಂತಾನೋ ಅಂತ ಬೈದಿದ್ದೆ ರೀ" ಎಂದಳು. "ಅವ್ರಿಗೆ ಫೋನು ಕೇಳಿಸ್ಲೇ ಇಲ್ಲ ಹಂಗಾರೆ."